ಟೀಚರಮ್ಮನ ಐದನೇ ಗಣತಿ

ಆ ಊರಿನಲ್ಲಿ ಟೀಚರಮ್ಮ ಎಂದರೆ ಒಬ್ಬರೇ. ಮೂವತ್ತಾರು ವರ್ಷ ಪಾಠ ಹೇಳಿ ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ಅವರು ನಿವೃತ್ತರಾದ ವರ್ಷವೇ ಶಾಲೆಗೂ ಬೀಗ ಬಿತ್ತು. ಆ ಹೊತ್ತಿಗೆ ಅಲ್ಲಿ ಉಳಿದಿದ್ದ ಮಕ್ಕಳು ಮೂವರು. ಅವರಲ್ಲೂ ಇಬ್ಬರು ಅವಳಿಗಳು.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಬಂದಾಗ ಊರಿನ ತಲೆ ಎಣಿಸುವ ಕೆಲಸವೂ ಅವರದೇ ಆಗಿತ್ತು. ಮೊದಲ ಸಲ ಎಣಿಸಲು ಹೊರಟಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ಆರು ತಿಂಗಳ ಬಸುರಿ. ಆಗ ಊರೆಂದರೆ ಜೇನುಗೂಡು. ಒಂದೊಂದು ಮನೆಯಲ್ಲಿ ಹನ್ನೊಂದು, ಹದಿಮೂರು ಜನ. ಹೆಸರು ಬರೆಸುತ್ತ ಕೂತರೆ ಹೆತ್ತ ತಾಯಂದಿರಿಗೇ ಲೆಕ್ಕ ತಪ್ಪುತ್ತಿತ್ತು. "ಮೊದಲನೆಯವನು ಇವನು, ಎರಡನೆಯವಳು ಅವಳು, ಆಮೇಲೆ... ಏ, ಆಮೇಲೆ ಹುಟ್ಟಿದ್ದು ಯಾರ್ರೋ?" ಎಂದು ಒಬ್ಬಾಕೆ ಅಂಗಳದ ಕಡೆ ಕೂಗಿ ಕೇಳಿದ್ದಳು. "ನಾನಮ್ಮಾ" ಎಂದು ಮರದ ಮೇಲಿನಿಂದ ಉತ್ತರ ಬಂದಿತ್ತು. ಆ ಸಲದ ಒಟ್ಟು ಸಾವಿರದ ನೂರ ನಲವತ್ತಾರು.

ಎರಡನೇ ಸಲಕ್ಕೆ ಅದು ಸಾವಿರದ ಇಪ್ಪತ್ತಾಯಿತು. ಊರಾಚೆಯ ಮರದ ಮಿಲ್ಲಿಗೆ ಹೊಸ ಯಂತ್ರ ಬಂದು, ಹತ್ತು ಕೈ ಮಾಡುತ್ತಿದ್ದ ಕೆಲಸಕ್ಕೆ ಎರಡು ಕೈ ಸಾಕಾಗಿತ್ತು. ಮೂರನೇ ಸಲಕ್ಕೆ ಮಿಲ್ಲೇ ಮುಚ್ಚಿತ್ತು, ಏಳುನೂರ ಅರವತ್ತನಾಲ್ಕು. ನಾಲ್ಕನೇ ಸಲ ನಾನೂರ ಐವತ್ತೆರಡು. ಆ ವರ್ಷ ಬೀಗ ಬಿದ್ದ ಮನೆಗಳನ್ನು ಬರೆಯಲೆಂದೇ ಟೀಚರಮ್ಮ ಕಚೇರಿಯಿಂದ ಬೇರೆ ಹಾಳೆ ತರಿಸಿಕೊಂಡಿದ್ದರು.

ಹಾಗೆಂದು ಊರೇನೂ ಮುಖ ಗಂಟು ಹಾಕಿಕೊಂಡು ಕೂತಿರಲಿಲ್ಲ. ಉಳಿದವರು ಹೋದವರ ಪಾಲಿನ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದರು.

ಐದನೇ ಗಣತಿಗೆ ಪಕ್ಕದೂರಿನ ಮೇಷ್ಟರ ಹೆಸರು ಬಂದಿತ್ತು. ಅವರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಗಣತಿ ಕಚೇರಿಯ ಸಾಹೇಬ, ಇನ್ನೂ ಮೂವತ್ತು ದಾಟದ ಹುಡುಗ, ಟೀಚರಮ್ಮನ ಮನೆ ಹುಡುಕಿಕೊಂಡು ಬಂದ.

"ಮೇಡಂ, ನೀವೇ ಒಂದು ಕೈ ಹಾಕಿ ಕೊಡಬೇಕು. ಇನ್ನೂರೋ ಮುನ್ನೂರೋ ಜನ ಇದ್ದಾರೆ ಅಷ್ಟೇ."

"ಇನ್ನೂರೋ ಮುನ್ನೂರೋ ಅಂದ್ರೆ? ನಡುವೆ ನೂರು ಜನ ಇದ್ದಾರಲ್ಲಪ್ಪಾ" ಎಂದರು ಟೀಚರಮ್ಮ.

ಸಾಹೇಬ ತಲೆ ಕೆರೆದುಕೊಂಡು, ಚಹಾ ಕುಡಿದು, ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದ. ಮುನ್ನೂರಕ್ಕಿಂತ ಕಡಿಮೆ ಬಂದರೆ ಊರನ್ನು ಪಕ್ಕದೂರಿಗೆ ಸೇರಿಸುತ್ತಾರೆ. ಬಸ್ಸು ಅಲ್ಲಿಗೇ ನಿಲ್ಲುತ್ತದೆ. ವಾರಕ್ಕೆರಡು ಸಲ ಬರುವ ನರ್ಸೂ ಇನ್ನು ಅಲ್ಲಿಗೇ ಬರುತ್ತಾಳೆ.

ಈ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಬಸ್ಸು ನರ್ಸು ಹಾಗಿರಲಿ, ಪಕ್ಕದೂರಿಗೆ ಸೇರುವುದೆಂದರೆ ಯಾರಿಗೂ ಗಂಟಲಲ್ಲಿ ಇಳಿಯುವ ಮಾತಲ್ಲ. ಊರ ಸಮಿತಿಯ ಅಧ್ಯಕ್ಷನೂ ಊರಿಗಿದ್ದ ಒಂದೇ ಅಂಗಡಿಯ ಮಾಲೀಕನೂ ಒಬ್ಬನೇ. ಎಲ್ಲರೂ ಅವನನ್ನು ಅಂಗಡಿಯಣ್ಣ ಎನ್ನುತ್ತಿದ್ದರು. "ಅವರ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ನಮ್ಮೂರ ಹೆಸರಾ? ಅದಕ್ಕಿಂತ ನನ್ನ ಅಂಗಡಿ ಬಾಗಿಲು ಮುಚ್ಚಿ ಮಲಗ್ತೀನಿ" ಎಂದು ಕಟ್ಟೆಯ ಮೇಲೆ ಕೂತು ಗುಡುಗಿದ.

ಟೀಚರಮ್ಮನ ಗಂಡ ಲೈನ್‌ಮನ್ ಆಗಿದ್ದವರು. ಊರಿನ ಪ್ರತಿ ಕಂಬ ಹತ್ತಿದವರು, ಪ್ರತಿ ಮನೆಯ ಮೀಟರು ನೋಡಿದವರು. ಹೆಂಡತಿ ಹಲಗೆಗೆ ಕಾಗದ ಸಿಕ್ಕಿಸಿ, ಪೆನ್ನಿಗೆ ದಾರ ಕಟ್ಟುವುದನ್ನು ನೋಡಿ ನಕ್ಕರು.

"ಬಿಸಿಲಲ್ಲಿ ಯಾಕೆ ಅಲೀತೀಯಾ? ಇಲ್ಲೇ ಕೂತ್ಕೋ, ನಾನು ಹೇಳ್ತೀನಿ ಬರ್ಕೋ. ಇನ್ನೂರ ಅರವತ್ತೇಳು. ಒಂದು ತಲೆ ಹೆಚ್ಚಿಲ್ಲ, ಒಂದು ತಲೆ ಕಮ್ಮಿ ಇಲ್ಲ."

"ತಪ್ಪಿದ್ರೆ?"

"ತಪ್ಪಿದ್ರೆ ಒಂದು ತಿಂಗಳು ಅಡುಗೆ ನಂದು."

"ಅದು ನಂಗೆ ಶಿಕ್ಷೆ ಆಗುತ್ತಲ್ರೀ" ಎಂದು ಟೀಚರಮ್ಮ ಚಪ್ಪಲಿ ಮೆಟ್ಟಿಕೊಂಡರು.

ಮೊದಲು ತಮ್ಮ ಮನೆಯಿಂದಲೇ ಶುರು ಮಾಡಿದರು. ಮನೆಯ ಯಜಮಾನರು ಎಂಬ ಕಡೆ ತಮ್ಮ ಹೆಸರು ಬರೆದರು. ಗಂಡ ಬಗ್ಗಿ ನೋಡಿ, "ಇದೇನೇ ಇದು?" ಎಂದರು. "ಮನೇಲಿ ಯಾರ ಮಾತು ನಡೆಯುತ್ತೋ ಅವರ ಹೆಸರು ಬರೀಬೇಕು ಅಂತ ನಿಯಮ ಇದೆ" ಎಂದರು ಇವರು. ಅಂಥ ನಿಯಮ ಎಲ್ಲೂ ಇರಲಿಲ್ಲ. ಲೈನ್‌ಮನ್ ಸುಮ್ಮನೆ ಎರಡನೇ ಸಾಲಿಗೆ ಇಳಿದರು.

ಇದ್ದ ನಿಯಮ ಬೇರೆ: ಆರು ತಿಂಗಳಿಂದ ಯಾರು ಎಲ್ಲಿ ವಾಸ ಮಾಡುತ್ತಿದ್ದಾರೋ, ಅವರು ಅಲ್ಲಿಯ ಲೆಕ್ಕಕ್ಕೆ. ಈ ಒಂದು ಸಾಲಿಗೆ ಇಡೀ ಊರೇ ಅವರೊಡನೆ ಜಗಳಕ್ಕೆ ನಿಂತಿತು. ಎಲ್ಲರಿಗೂ ಮುನ್ನೂರು ಮುಟ್ಟಿಸುವ ಹುಚ್ಚು. ಒಬ್ಬರು ರಜೆಗೆ ಬಂದು ಹೋಗುವ ಮೊಮ್ಮಕ್ಕಳನ್ನು ಬರೆಸಲು ನೋಡಿದರು. ಇನ್ನೊಬ್ಬರು ಮದುವೆಯಾಗಿ ಹೋದ ತಂಗಿಯ ಹೆಸರು ಹೇಳಿದರು, "ಅವಳ ಟ್ರಂಕು ಇನ್ನೂ ಇಲ್ಲೇ ಇದೆ" ಎಂಬ ಆಧಾರದ ಮೇಲೆ. ತೊಂಬತ್ತು ದಾಟಿದ ಒಬ್ಬ ಅಜ್ಜಿ ತೀರಿಹೋದ ಗಂಡನನ್ನೂ ಸೇರಿಸು ಎಂದು ಹಟ ಹಿಡಿದಳು.

"ಅಜ್ಜೀ, ಅವರು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ."

"ಹೋಗಿದ್ದು ನಿಜ ಕಣೆ. ಆದ್ರೆ ದಿನಾ ಕನಸಲ್ಲಿ ಬಂದು ಅದಿಲ್ಲ ಇದಿಲ್ಲ ಅಂತ ಗೊಣಗ್ತಾನೆ. ಗೊಣಗೋಕೆ ಬರೋದಾದ್ರೆ ಲೆಕ್ಕಕ್ಕೂ ಬರಲಿ."

ಟೀಚರಮ್ಮ ಬಿದ್ದು ಬಿದ್ದು ನಕ್ಕರು, ಆದರೆ ಬರೆಯಲಿಲ್ಲ. ಅಂಗಡಿಯಣ್ಣ ಮಾತ್ರ ಗಂಭೀರವಾಗಿಯೇ ಬಂದು ಕೇಳಿದ. "ಟೀಚರಮ್ಮ, ನೀವು ನಂಗೆ ಅಕ್ಷರ ಕಲಿಸಿದವರು. ಒಂದು ಮೂವತ್ತು ಹೆಸರು ಹಾಗೇ ಹೀಗೇ ಸೇರಿಸಿಬಿಡಿ. ಯಾರು ಬಂದು ನೋಡ್ತಾರೆ?"

"ನಿಂಗೆ ಕೂಡಿಸೋ ಲೆಕ್ಕ ಕಲಿಸಿದ್ದೂ ನಾನೇ. ಇಲ್ಲದ್ದನ್ನ ಕೂಡಿಸು ಅಂತ ಯಾವತ್ತಾದ್ರೂ ಹೇಳಿದ್ನಾ?"

ಎರಡು ವಾರದಲ್ಲಿ ಮನೆಗಳೆಲ್ಲ ಮುಗಿದವು. ಪ್ರತಿ ಬಾಗಿಲ ಮೇಲೂ ಸೀಮೆಸುಣ್ಣದ ಸಂಖ್ಯೆ ಬಿತ್ತು. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಕೂಡಿಸಿದಾಗ ಬಂದದ್ದು ಇನ್ನೂರ ಅರವತ್ತೆಂಟು. ಲೈನ್‌ಮನ್ ನಂಬಲಿಲ್ಲ. ಬೆರಳು ಮಡಚಿ ಮಡಚಿ ಇಡೀ ಊರನ್ನು ಬೀದಿಬೀದಿಯಾಗಿ ಮತ್ತೆ ಎಣಿಸಿದರು. ಅರ್ಧ ಗಂಟೆಯ ಮೇಲೆ ಅವರ ಮುಖ ಪೆಚ್ಚಾಯಿತು. ಊರಿನ ಎಲ್ಲರನ್ನೂ ಹಿಡಿದಿದ್ದರು, ತಮ್ಮನ್ನು ಬಿಟ್ಟಿದ್ದರು.

"ನಾಳೆಯಿಂದ ಒಲೆ ನಿಮ್ದು" ಎಂದರು ಟೀಚರಮ್ಮ.

ಆದರೆ ಅವರ ಕೆಲಸ ಮುಗಿದಿರಲಿಲ್ಲ. ಕಚೇರಿ ಕೊಟ್ಟ ನಕ್ಷೆಯಲ್ಲಿ ಊರಾಚೆ ಒಂದು ದೊಡ್ಡ ಚೌಕವಿತ್ತು. 'ಹಳೆ ಮರದ ಮಿಲ್ಲು, ಖಾಲಿ' ಎಂದು ಮೊದಲೇ ಅಚ್ಚು ಹಾಕಿದ್ದರು. ಪಕ್ಕದಲ್ಲಿ ಒಂದು ಗೀಟು ಎಳೆದರೆ ಸಾಕಿತ್ತು.

ಅದು ಖಾಲಿಯಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೆದ್ದಾರಿ ಪಕ್ಕ ಟೊಮೆಟೊ ಬೆಳೆಯುವ ದೊಡ್ಡ ದೊಡ್ಡ ಗಾಜಿನ ಮನೆಗಳು ಎದ್ದು ಒಂದೂವರೆ ವರ್ಷವಾಗಿತ್ತು. ಅಲ್ಲಿ ದುಡಿಯಲು ಎಲ್ಲೆಲ್ಲಿಂದಲೋ ಬಂದ ಜನ ಮಿಲ್ಲಿನ ಶೆಡ್ಡಿನಲ್ಲಿ ಬೀಡುಬಿಟ್ಟಿದ್ದರು. ಬೆಳಕು ಹರಿಯುವ ಮುಂಚೆ ಟ್ರ್ಯಾಕ್ಟರಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು. ಊರು ಕಂಡದ್ದು ಅವರ ಟ್ರ್ಯಾಕ್ಟರಿನ ಧೂಳನ್ನು ಮಾತ್ರ. ಅಂಗಡಿಗೆ ಬ್ರೆಡ್ಡು, ಸೋಪು ಕೊಳ್ಳಲು ಬಂದರೂ ಯಾರೂ ಹೆಸರು ಹಿಡಿದು ಮಾತಾಡಿಸಿದವರಿಲ್ಲ. 'ಮಿಲ್ಲಿನವರು' ಎಂದರೆ ಮುಗಿಯಿತು.

"ಬಂದು ಹೋಗೋ ಜನ ಕಣೇ ಅವರು" ಎಂದರು ಲೈನ್‌ಮನ್.

"ಬಂದು ಒಂದೂವರೆ ವರ್ಷ ಆಯ್ತು. ಹೋದದ್ದು ಯಾವಾಗ?"

ಮಾರನೆಯ ದಿನ ಭಾನುವಾರ, ಗಾಜಿನ ಮನೆಗಳಿಗೆ ರಜೆ. ಟೀಚರಮ್ಮ ಹಲಗೆ ಹಿಡಿದು ಮಿಲ್ಲಿನ ದಾರಿ ಹಿಡಿದರು.

ಮಿಲ್ಲಿನ ಗೇಟಿನ ಒಳಗೆ ಕಾಲಿಡುವಷ್ಟರಲ್ಲಿ ಮಾತು, ನಗು, ಪಾತ್ರೆ ಸದ್ದು ಎಲ್ಲ ಗಪ್ಪೆಂದು ನಿಂತವು. ಗರಗಸದ ಮೇಜಿದ್ದ ಕಡೆ ಈಗ ಮೂರು ಒಲೆ, ನಡುನಡುವೆ ಹಗ್ಗ ಕಟ್ಟಿ ಇಳಿಬಿಟ್ಟ ಬಟ್ಟೆಯ ಗೋಡೆಗಳು. ಮುಂದೆ ನಿಂತವಳು ನಲವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು. ಗುಂಪಿಗೆ ಅವಳೇ ಮೇಸ್ತ್ರಿ, ಎಲ್ಲರಿಗೂ ಮೇಸ್ತ್ರಿಯಕ್ಕ.

"ಇಲ್ಲಿ ಎಷ್ಟು ಜನ ಇದ್ದೀರಮ್ಮಾ?"

"ನಾಲ್ಕೇ ಜನ" ಎಂದಳು ಅವಳು, ಕಣ್ಣು ಮಿಟುಕಿಸದೆ.

ಟೀಚರಮ್ಮ ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡಿದರು. ರಾಶಿ ಬಿದ್ದಿತ್ತು. ಹಗ್ಗದ ಮೇಲೆ ಅಂಗೈಯಗಲದ ಅಂಗಿಗಳು ಒಣಗುತ್ತಿದ್ದವು. ಬಟ್ಟೆಯ ಗೋಡೆಯೊಂದರ ಹಿಂದೆ ಯಾರೋ ಕೆಮ್ಮಿದರು, ಇನ್ನಾರೋ ಅವರ ಬಾಯಿ ಮುಚ್ಚಿದರು, ಮೂರನೆಯವರಿಗೆ ನಗು ತಡೆಯಲಾಗಲಿಲ್ಲ.

"ನಾಲ್ಕು ಜನಕ್ಕೆ ಕಾಲು ಜಾಸ್ತಿ ಕಣಮ್ಮ ಇಲ್ಲಿ" ಎಂದರು ಟೀಚರಮ್ಮ.

ಮೇಸ್ತ್ರಿಯಕ್ಕ ನಗಲಿಲ್ಲ. "ಹಿಂದೆ ಇನ್ನೊಂದು ಕಡೆ ಇದ್ವಿ. ಅಲ್ಲೂ ನಿಮ್ಮ ಹಾಗೇ ಒಬ್ರು ಬಂದು ಹೆಸರು ಬರ್ಕೊಂಡ್ರು. ಮೂರನೇ ದಿನ ಖಾಲಿ ಮಾಡಿ ಅಂತ ಬಂದ್ರು. ಹೆಸರು ಬರೆಸಿ ನಮಗೇನಾಗಬೇಕು?"

ಟೀಚರಮ್ಮ ಅಲ್ಲೇ ಬೋರಲು ಹಾಕಿದ್ದ ಒಂದು ಟೊಮೆಟೊ ಕ್ರೇಟಿನ ಮೇಲೆ ಕೂತರು. ನೀರು ಕೇಳಿ ಕುಡಿದರು. "ಸುಳ್ಳು ಹೇಳಲ್ಲ" ಎಂದರು. "ಈ ಹಾಳೆ ಮೇಲೆ ಹೋಗಿ ಏನೇನಾಗುತ್ತೋ ನಂಗೂ ಗೊತ್ತಿಲ್ಲ. ನಮ್ಮೂರಿಗೂ ನಿಮ್ಮಿಂದ ಲಾಭ ಇದೆ, ಮುನ್ನೂರು ಆಗದಿದ್ರೆ ಊರೇ ಇಲ್ಲ ಅಂತಾರೆ. ಆದ್ರೆ ಒಂದು ಗೊತ್ತು. ನಾಳೆ ನಿಮ್ಮ ಮಕ್ಕಳಿಗೆ ಶಾಲೆ ಬೇಕು ಅಂತ ಕೇಳಿದ್ರೆ, ಯಾವ ಮಕ್ಕಳು ಅಂತಾರೆ. ಈ ಹಾಳೇಲಿ ಇಲ್ಲದ ಮಕ್ಕಳಿಗೆ ಯಾರೂ ಬೆಂಚು ಹಾಕಲ್ಲ."

"ಊರಿನವರನ್ನ ಬರೆದ ಪುಸ್ತಕ ಇದೇನಾ? ನಮಗೆ ಬೇರೆ ಪುಸ್ತಕವಾ?"

ಟೀಚರಮ್ಮ ಹಾಳೆ ತಿರುಗಿಸಿ ಮೊದಲ ಪುಟ ತೋರಿಸಿದರು. "ಇದೇ. ನೋಡು, ಒಂದನೇ ನಂಬರು ನಮ್ಮ ಮನೆ."

ಮೇಸ್ತ್ರಿಯಕ್ಕ ಬೆರಳಿಟ್ಟು ನೋಡಿದಳು. "ಇಬ್ಬರೇನಾ?"

"ಇಬ್ಬರೇ. ಮಗಳೊಬ್ಬಳಿದ್ದಾಳೆ. ಮೊಮ್ಮಗನಿದ್ದಾನೆ. ಬೇರೆ ಊರು ಸೇರಿ ಹದಿನೆಂಟು ವರ್ಷ ಆಯ್ತು."

"ಮಗಳನ್ನೂ ಬರ್ಕೊಳ್ಳಲಿಲ್ವಾ?"

"ನಿಯಮ ಇಲ್ಲ. ಅವಳನ್ನ ಅವಳಿರೋ ಊರಲ್ಲಿ ಯಾರೋ ಒಬ್ರು ಬರ್ಕೊಂಡಿರ್ತಾರೆ." ಹೇಳುತ್ತ ಹೇಳುತ್ತ ಟೀಚರಮ್ಮ ಪೆನ್ನಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಬರ್ಕೊಂಡಿರ್ತಾರೆ ಅಂದ್ಕೊಂಡಿದ್ದೀನಿ."

ಮೇಸ್ತ್ರಿಯಕ್ಕ ಅವರನ್ನೇ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ, "ಬರ್ರೋ ಎಲ್ರೂ! ಕೆಮ್ಮಿದೋರು ಮೊದ್ಲು ಬನ್ನಿ!" ಎಂದು ಕೂಗಿದಳು.

ಬಟ್ಟೆಗಳ ಹಿಂದಿನಿಂದ, ಅಟ್ಟದ ಮೇಲಿನಿಂದ, ಹಳೇ ಬಾಯ್ಲರಿನ ಮರೆಯಿಂದ ಜನ ಹೊರಬಂದರು. ಇಬ್ಬರು ಮುದುಕರು, ಕಂಕುಳಲ್ಲಿ ಕೂಸಿದ್ದ ನಾಲ್ವರು, ಹಲ್ಲಿಲ್ಲದ ಮಕ್ಕಳು, ಹಲ್ಲು ಬರುತ್ತಿದ್ದ ಮಕ್ಕಳು. ಟೀಚರಮ್ಮ ಮೂವತ್ತಾರು ವರ್ಷದ ಅಭ್ಯಾಸದಂತೆ, "ಸಾಲಾಗಿ ನಿಲ್ಲಿ, ತಳ್ಳಬೇಡಿ" ಎಂದರು. ಅವರ ದನಿಗೆ ದೊಡ್ಡವರೂ ಸಾಲಾಗಿ ನಿಂತರು. ಒಂದೊಂದು ಹೆಸರನ್ನೂ ಕೇಳಿ ಬರೆದು, ಒತ್ತಕ್ಷರ ಸರಿಯೇ ಎಂದು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಗೇಟಿನ ಮೇಲೂ ಸೀಮೆಸುಣ್ಣದ ಸಂಖ್ಯೆ ಬಿತ್ತು. ಅರವತ್ತೊಂದು ಜನ, ಅವರಲ್ಲಿ ಇಪ್ಪತ್ತಮೂರು ಮಕ್ಕಳು. ಒಟ್ಟು ಮುನ್ನೂರ ಇಪ್ಪತ್ತೊಂಬತ್ತು.

ಅಂಗಡಿಯಣ್ಣ ಸುದ್ದಿ ಕೇಳಿ ಕುಣಿಯುವುದೊಂದು ಬಾಕಿ. ಆಮೇಲೆ ಯಾಕೋ ತಡೆದ. "ಆದ್ರೂ ಟೀಚರಮ್ಮ, ಅವರು ನಮ್ಮವರಾ?"

"ನಿನ್ನಂಗಡಿ ಬ್ರೆಡ್ಡು ತಿಂದು ಬದುಕಿದ್ದಾರಲ್ಲಪ್ಪ. ಇದಕ್ಕಿಂತ ಗಟ್ಟಿ ಜನ ನಮಗೆ ಎಲ್ಲಿ ಸಿಗ್ತಾರೆ?"

ಹತ್ತು ದಿನ ಕಳೆದು, ಒಂದು ಬುಧವಾರ ಬೆಳಿಗ್ಗೆ ಗಣತಿ ಸಾಹೇಬನ ಜೀಪು ಬಂತು. ಈ ಸಲ ಅವನ ಮುಖ ಬಿಗಿದಿತ್ತು. ಸುತ್ತಲಿನ ಊರುಗಳಲ್ಲೆಲ್ಲ ಇಷ್ಟಿಷ್ಟೇ ಮಕ್ಕಳು, ಇಲ್ಲಿ ಖಾಲಿ ಎಂದು ಅಚ್ಚಾದ ಜಾಗದಲ್ಲಿ ಇಪ್ಪತ್ತಮೂರು ಮಕ್ಕಳು ಎಲ್ಲಿಂದ ಬಂದರು ಎಂದು ಮೇಲಿನವರು ಕೇಳಿದ್ದರು.

ಎಲ್ಲರೂ ಮಿಲ್ಲಿಗೆ ಹೋದರು. ಗೇಟಿಗೆ ಬೀಗ. ವಾರದ ದಿನವಾದ್ದರಿಂದ ಮೇಸ್ತ್ರಿಯಕ್ಕನ ಜನ ಗಾಜಿನ ಮನೆಗಳಲ್ಲಿದ್ದರು. ನೋಡಿಕೊಳ್ಳುವವರಿಲ್ಲದೆ ಮಕ್ಕಳೂ ಮುದುಕರೂ ಅವರ ಜೊತೆಗೇ ಹೋಗುತ್ತಿದ್ದರು. ಒಂದು ನರಪಿಳ್ಳೆಯೂ ಇರಲಿಲ್ಲ.

"ಮೇಡಂ, ನಿಮ್ಮ ಮೇಲೆ ಗೌರವ ಇದೆ" ಎಂದ ಸಾಹೇಬ. "ಆದ್ರೆ ನಾನು ಬೀಗಾನ ಎಣಿಸೋಕಾಗಲ್ಲ. ಈ ಅರವತ್ತೊಂದು ಹೊಡೆದುಹಾಕ್ತೀನಿ."

ಅಂಗಡಿಯಣ್ಣ ಮುಂದೆ ಬಂದ. "ಇದ್ದಾರೆ ಸಾರ್! ದಿನಾ ನನ್ನ ಅಂಗಡಿಗೆ ಬರ್ತಾರೆ. ನಾನು ಸಮಿತಿ ಅಧ್ಯಕ್ಷ, ನಾನು ಹೇಳ್ತಿದ್ದೀನಿ."

"ಹಾಗಾದ್ರೆ ಮೂರು ಜನದ ಹೆಸರು ಹೇಳಿ ನೋಡೋಣ."

ಅಂಗಡಿಯಣ್ಣ ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಬ್ರೆಡ್ಡು ಒಯ್ಯುವ ಉದ್ದನೆಯವನು, ಯಾವಾಗಲೂ ನೀಲಿ ಸೋಪೇ ಕೇಳುವ ಹುಡುಗಿ, ಚಿಲ್ಲರೆ ಎಣಿಸದೆ ನಂಬಿ ಹೋಗುವ ಮುದುಕ, ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಹೆಸರು ಮಾತ್ರ ಒಂದೂ ಬರಲಿಲ್ಲ. ಅವನ ಕಿವಿ ಕೆಂಪಾಯಿತು. ಟೀಚರಮ್ಮನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಸಾರ್, ಊಟದ ಹೊತ್ತಿನ ತನಕ ಇರಿ" ಎಂದವನೇ ತನ್ನ ಸಾಮಾನು ಸಾಗಿಸುವ ವ್ಯಾನು ಹತ್ತಿ ಹೆದ್ದಾರಿಯ ಕಡೆ ಓಡಿಸಿದ.

ಗಾಜಿನ ಮನೆಯೊಳಗೆ ಬಿಸಿ, ಟೊಮೆಟೊ ಎಲೆಯ ಕಟುವಾಸನೆ. ಮೇಸ್ತ್ರಿಯಕ್ಕ ಬಳ್ಳಿಗೆ ದಾರ ಕಟ್ಟುತ್ತಿದ್ದಳು. ಅಂಗಡಿಯಣ್ಣ ಏದುಸಿರು ಬಿಡುತ್ತ ವಿಷಯ ಹೇಳಿ, "ಬನ್ನಿ, ಎಲ್ರೂ ಬನ್ನಿ, ಬೇಗ" ಎಂದ.

"ಎಲ್ರೂ ಅಂದ್ರೆ ಯಾರು? ಹೆಸರು ಹಿಡಿದು ಕರೀರಿ, ಬರ್ತೀವಿ" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಸಣ್ಣ ಕೀಟಲೆ ಇತ್ತು, ಅದರ ಹಿಂದೆ ಒಂದೂವರೆ ವರ್ಷವಿತ್ತು.

ಅಂಗಡಿಯಣ್ಣ ತಲೆ ತಗ್ಗಿಸಿದ. "ಗೊತ್ತಿಲ್ಲ ಅಕ್ಕಾ. ತಪ್ಪು ನಂದೇ. ಹೇಳ್ಕೊಡಿ."

ಅಕ್ಕ ಎಂದು ಅವನು ಕರೆದದ್ದು ಅದೇ ಮೊದಲು. ಮೇಸ್ತ್ರಿಯಕ್ಕ ದಾರದ ಉಂಡೆ ಕೆಳಗಿಟ್ಟು, ಗಾಜಿನ ಮನೆಯ ಮಾಲೀಕನ ಹತ್ತಿರ ಹೋಗಿ ಊಟದ ಬಿಡುವನ್ನು ಒಂದು ಗಂಟೆ ಹೆಚ್ಚಿಸಿಕೊಂಡು ಬಂದಳು. ವ್ಯಾನಿನ ಬಾಗಿಲಲ್ಲಿ ಅಂಗಡಿಯಣ್ಣ ನಿಂತ. ಹತ್ತುವ ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ ಹತ್ತಿದರು. ಅವನು ತಿರುಗಿ ಹೇಳಿದ. ತಪ್ಪಿದರೆ ಮಕ್ಕಳು ಹೋ ಎಂದು ನಕ್ಕು ತಿದ್ದಿದರು. ಅರವತ್ತೊಂದು ಜನಕ್ಕೆ ನಾಲ್ಕು ಸಲ ವ್ಯಾನು ಓಡಬೇಕಾಯಿತು. ದಾರಿಯುದ್ದಕ್ಕೂ ಅಂಗಡಿಯಣ್ಣ ಮಗ್ಗಿ ಬಾಯಿಪಾಠ ಮಾಡುವವನಂತೆ ತುಟಿ ಅಲ್ಲಾಡಿಸುತ್ತಲೇ ಓಡಿಸಿದ.

ಕೊನೆಯ ವ್ಯಾನು ಬಂದಾಗ ಮಿಲ್ಲಿನ ಮುಂದೆ ಜಾಗವೇ ಇರಲಿಲ್ಲ. ಊರಿನವರೂ ಒಬ್ಬೊಬ್ಬರಾಗಿ ಬಂದು ಸೇರಿದ್ದರು. ತೊಂಬತ್ತು ದಾಟಿದ ಅಜ್ಜಿಯೂ ಕುರ್ಚಿ ಹೊರಿಸಿಕೊಂಡು ಬಂದು ಮುಂದೆಯೇ ಕೂತಿದ್ದಳು. ಸಾಹೇಬ ಹಾಳೆ ಹಿಡಿದು ಮೊದಲ ಹೆಸರು ಓದಿದ.

"ಹಾಗಲ್ಲ ಸಾರ್, ಅದಕ್ಕೆ ದೀರ್ಘ ಇದೆ" ಎಂದ ಅಂಗಡಿಯಣ್ಣ. "ಕೊಡಿ ಇಲ್ಲಿ."

ಹಾಳೆ ತೆಗೆದುಕೊಂಡ, ಆದರೆ ನೋಡಲಿಲ್ಲ. ಒಂದೊಂದೇ ಹೆಸರು ಕೂಗುತ್ತ ಹೋದ. ಕರೆದವರು ಕೈಯೆತ್ತಿದರು. ನಲವತ್ತೆರಡನೆಯದಕ್ಕೆ ಒಮ್ಮೆ ತಡವರಿಸಿದ, ಆ ಹೆಸರಿನ ಪುಟ್ಟ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಕಾದಳು, ನೆನಪಾಯಿತು. ಅರವತ್ತೊಂದು ಮುಗಿದಾಗ ಮೊದಲು ಚಪ್ಪಾಳೆ ಹೊಡೆದದ್ದು ಸಾಹೇಬನ ಜೀಪಿನ ಡ್ರೈವರ್. ಟೀಚರಮ್ಮ ಚಪ್ಪಾಳೆ ಹೊಡೆಯಲಿಲ್ಲ. ಅವರು ಕನ್ನಡಕ ಒರೆಸಿಕೊಳ್ಳುವುದರಲ್ಲಿದ್ದರು. ಈ ಹುಡುಗ ಶಾಲೆಯಲ್ಲಿ ಒಂದು ಪದ್ಯವನ್ನೂ ಪೂರ್ತಿ ಒಪ್ಪಿಸಿದವನಲ್ಲ.

ಸಾಹೇಬ ಹಾಳೆಯ ಕೆಳಗೆ ಸಹಿ ಹಾಕಿದ. 'ಖಾಲಿ' ಎಂದು ಅಚ್ಚಾಗಿದ್ದ ಕಡೆ ತಾನೇ ಗೀಟು ಎಳೆದು ಅಳಿಸಿದ.

ಊರಿಗೆ ಬಸ್ಸು ಬರುವುದು ನಿಲ್ಲಲಿಲ್ಲ. ನರ್ಸು ವಾರಕ್ಕೆರಡು ಸಲ ಬರುವುದೂ ತಪ್ಪಲಿಲ್ಲ. ಶಾಲೆಯ ಅರ್ಜಿಗೆ ಕಚೇರಿ ಏಳು ತಿಂಗಳು ತೆಗೆದುಕೊಂಡಿತು. ಅಲ್ಲಿಯತನಕ ಕಾಯುವವರು ಯಾರು ಎಂದು ಟೀಚರಮ್ಮ ತಾವೇ ಶಾಲೆಯ ಬೀಗ ತೆಗೆಸಿ, ಬೆಂಚುಗಳ ಧೂಳು ಹೊಡೆದು, ಇಪ್ಪತ್ತಮೂರರಲ್ಲಿ ಕೂರುವ ವಯಸ್ಸಿನ ಹದಿನಾರು ಜನರನ್ನು ಕೂರಿಸಿದರು. ಊರಿನ ಮೂವರು ಮಕ್ಕಳೂ ಪಕ್ಕದೂರಿನ ಶಾಲೆ ಬಿಟ್ಟು ಇಲ್ಲಿಗೇ ಬಂದರು. ಬೆಳಿಗ್ಗೆಯೆಲ್ಲ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರೆ, ಲೈನ್‌ಮನ್ ತಳಹತ್ತಿದ ಪಲ್ಯವನ್ನು ಮೇಲುಗಡೆಯಿಂದ ಮಾತ್ರ ಬಡಿಸಿ ಕಾಯುತ್ತಿದ್ದರು.

ಆ ವರ್ಷವೇ ಬೀಗ ಬಿದ್ದ ಮನೆಗಳಲ್ಲಿ ಎರಡು ಬಾಡಿಗೆಗೆ ಹೋದವು. ಮೊದಲನೆಯದು ಟೀಚರಮ್ಮನ ಪಕ್ಕದ್ದೇ. ಮಾಲೀಕರು ದೂರದಿಂದ ಫೋನಿನಲ್ಲಿ ಒಪ್ಪಿದರು, ಬೀಗದ ಕೈ ಎಲ್ಲಿದೆಯೋ ಅವರಿಗೂ ಗೊತ್ತಿರಲಿಲ್ಲ. ಬಾಡಿಗೆ ಹಿಡಿದವಳು ಮೇಸ್ತ್ರಿಯಕ್ಕ. ಗಂಡ, ಇಬ್ಬರು ಹೆಣ್ಣುಮಕ್ಕಳು, ಒಂದು ಒಲೆ, ನಾಲ್ಕು ಕ್ರೇಟು ಸಾಮಾನಿನೊಂದಿಗೆ ಅವಳು ಜಗುಲಿಯ ಮೇಲೆ ನಿಂತಿದ್ದಳು. ಲೈನ್‌ಮನ್ ಬೆವರು ಒರೆಸಿಕೊಳ್ಳುತ್ತ ಗರಗಸದಿಂದ ಬೀಗ ಕೊಯ್ಯುತ್ತಿದ್ದರು.

"ಮನೆ ಗಟ್ಟಿಯಾಗಿದ್ಯಾ ಯಜಮಾನ್ರೇ?" ಎಂದು ಕೇಳಿದಳು.

"ಕಲ್ಲಿನ ಹಾಗಿದೆ."

"ನೀರು?"

"ಬೆಳಿಗ್ಗೆ ಸಂಜೆ ಬರುತ್ತೆ."

"ಅಕ್ಕಪಕ್ಕದೋರು ಹೇಗೆ?"

ಬೀಗ ಕಳಚಿ ಕೆಳಗೆ ಬಿತ್ತು. ಲೈನ್‌ಮನ್ ಬಾಗಿಲನ್ನು ಭುಜದಿಂದ ತಳ್ಳಿದರು. "ಒಂದು ಕಡೆ ಖಾಲಿ ಸೈಟು. ಇನ್ನೊಂದು ಕಡೆ ನಾನಿದ್ದೀನಿ. ಈ ಸಾರಿ ನನ್ನನ್ನ ಮರೀದೆ ಸೇರಿಸಿ ಹೇಳ್ತಿದ್ದೀನಿ. ಟೀಚರಮ್ಮ ಇರೋದರಿಂದ ಅಷ್ಟೊಂದು ತೊಂದರೆ ಆಗಲ್ಲ, ಬಾರಮ್ಮ ಒಳಗೆ."